ಮಕ್ಕಳಾಗದಂಗೆ ಮಾಡೋ ಆಪರೇಷನ್ ಅಂದ್ರೆ ಯಾವಾಗ್ಲೂ ಹೆಂಗಸ್ರಿಗೇ ಯಾಕೆ? ಮಾಡಿಸ್ಕೊಂಡಿರೋ ಗಂಡಸ್ರು ಯಾರಾದ್ರೂ ಇದ್ರೆ ಹೇಳಿ

ತೆಂಗಿನತೋಟದ ಸೊಸೆ
ಎಲ್ಲರಿಗೂ ನಮಸ್ಕಾರ. ಇಲ್ಲಿ ಓದ್ತಾ ಇರ್ತೀನಿ, ಬರೀತಿರೋದು ಇದೇ ಮೊದ್ಲು. ಮಗು ತೊಡೆ ಮೇಲಿದೆ, ಒಂದೇ ಕೈಲಿ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಸರಿ ಮಾಡ್ಕೊಂಡು ಓದ್ಕೊಳಿ.

ನಮ್ದು ಅರಸೀಕೆರೆ ಕಡೆ. ದೊಡ್ಡವಳಿಗೆ ನಾಲ್ಕು ವರ್ಷ, ಚಿಕ್ಕವನಿಗೆ ಐದು ತಿಂಗಳು. ಬಾಣಂತನ ಮುಗಿಸ್ಕೊಂಡು ತವರಿಂದ ಬಂದು ಹದಿನೈದು ದಿನ ಆಗಿಲ್ಲ, ಅತ್ತೆ ಶುರು ಹಚ್ಕೊಂಡಿದಾರೆ, ಗಂಡು ಆಯ್ತಲ್ಲ ಹೋಗಿ ಆಪರೇಷನ್ ಮಾಡಿಸ್ಕೊಂಡು ಬಾ ಅಂತ. ಮೂರನೇದು ಬೇಡ ಅನ್ನೋದ್ರಲ್ಲಿ ನನಗೂ ಯಜಮಾನ್ರಿಗೂ ಎರಡು ಮಾತಿಲ್ಲ. ಆದ್ರೆ ಹೆರಿಗೆಲಿ ತುಂಬಾ ಬ್ಲೀಡಿಂಗ್ ಆಗಿತ್ತು, ಹೋದ ತಿಂಗಳು ಟೆಸ್ಟ್ ಮಾಡಿಸ್ದಾಗ ಹಿಮೋಗ್ಲೋಬಿನ್ 8.2. ಮೆಟ್ಲು ಹತ್ತಿದ್ರೆ ಏದುಸಿರು ಬರತ್ತೆ. ಇಂಜೆಕ್ಷನ್ ಹಾಕ್ಸೋಕೆ ಹೋದಾಗ ನರ್ಸಮ್ಮ ಹೇಳಿದ್ರು, ಗಂಡಸ್ರಿಗೆ ಹೊಲಿಗೆ ಕೂಡ ಇಲ್ದೇ ಹತ್ತು ಹದಿನೈದು ನಿಮಿಷದಲ್ಲಿ ಆಗೋಗತ್ತೆ, ಕೇಳಿ ನೋಡಮ್ಮ ಅಂತ.

ನಾನು ಅದನ್ನ ರಾತ್ರಿ ಊಟದ ಹೊತ್ತಲ್ಲಿ ಹೇಳ್ಬಿಟ್ಟೆ. ಅತ್ತೆ ಸೌಟು ಕೆಳಗಿಟ್ಟು, "ನನ್ನ ಮಗ ಕಾಯಿ ಮೂಟೆ ಎತ್ತೋನು, ಅವನ ಸೊಂಟ ಮುರಿದು ಮೂಲೇಲಿ ಕೂರಿಸ್ತೀಯಾ" ಅಂದ್ರು. ಮಾವ ಎದ್ದು ಹೊರಗೆ ಹೋದ್ರು. ಇವರು ಮುದ್ದೆ ಮುರೀತಾ ಸುಮ್ನೆ ಕೂತಿದ್ರು. ಮಲಗೋವಾಗ ಮಾತ್ರ ಮೆಲ್ಲಗೆ ಕೇಳಿದ್ರು, "ತುಂಬಾ ನೋವಾಗತ್ತೇನೇ?"

ಅದಕ್ಕೇ ಕೇಳ್ತಿದೀನಿ. ಯಾರಾದ್ರೂ ಗಂಡಸ್ರು ಮಾಡಿಸ್ಕೊಂಡೋರು ಇದ್ರೆ ದಯವಿಟ್ಟು ಹೇಳಿ. ಇವರಿಗೆ ಓದಿ ಹೇಳ್ಬೇಕು.

ರಾಗಿಮುದ್ದೆ ರಾಜ
ಕೇಳಿದಾರಲ್ಲ ನಿಮ್ಮವರು, ಅರ್ಧ ಕೆಲ್ಸ ಆಯ್ತು ಬಿಡಿ. ನಮ್ಮನೇಲಿ ನಾನು ಕೇಳೇ ಇರ್ಲಿಲ್ಲ. ಇವತ್ತಿಗೂ ನಾಚಿಕೆ ಆಗತ್ತೆ.

ಹುಬ್ಬಳ್ಳಿ ಮಂದಿ
ನಾ ಮಾಡಿಸ್ಕೊಂಡೇನ್ರಿ. ಆರು ವರ್ಷ ಆತು, ಸರ್ಕಾರಿ ದವಾಖಾನಿಯೊಳಗ. ಖರೇ ಹೇಳಬೇಕಂದ್ರ ಸೂಜಿ ಚುಚ್ಚಿದಾಗ ಒಂದು ಚೂರು ಉರಿ ಅನಿಸಿತು, ಆಮ್ಯಾಲ ಯಾರೋ ಎಳದಂಗ ಅನಿಸ್ತದ, ಅಷ್ಟ. ಡಾಕ್ಟ್ರು ನನ್ನ ಕೂಡ ಮಳಿ ಬೆಳಿ ಮಾತಾಡ್ಕೋತ ಮುಗಿಸೇಬಿಟ್ರು. ಗುರುವಾರ ಮಾಡಿಸ್ಕೊಂಡೆ, ಸೋಮವಾರ ಡ್ಯೂಟಿಗೆ ಹೋದೆ. ಎರಡು ದಿನ ಬಿಗಿ ಚಡ್ಡಿ ಹಾಕ್ಕೊಂಡು ಅಂಗಾತ ಬಿದ್ಕೊಂಡು ಕ್ರಿಕೆಟ್ ನೋಡಿದೆ, ಜೀವನದಾಗ ಮೊದಲನೇ ಸಲ ಯಾರೂ ಬೈಲಿಲ್ಲ.

ನೋವು ಆಪರೇಷನ್‌ದಾಗ ಅಲ್ಲರಿ ತಂಗಿ, ಆಮ್ಯಾಲ. ಒಬ್ಬ ದೋಸ್ತಗ ಹೇಳಿದ್ದೆ, ಅಂವ ಹತ್ತು ಮಂದಿಗೆ ಹೇಳಿದ. ಆಫೀಸಿನ್ಯಾಗ ಒಂದು ತಿಂಗಳು ನನಗ ಏನೇನು ಹೆಸರು ಇಟ್ರು ಇಲ್ಲಿ ಬರಿಯಾಕ ಆಗಂಗಿಲ್ಲ. ನಿಮ್ಮ ಯಜಮಾನ್ರಿಗೆ ಹೇಳ್ರಿ, ಸೂಜಿಗೆ ಅಂಜಬ್ಯಾಡ್ರಿ, ದೋಸ್ತರಿಗೆ ಅಂಜ್ರಿ.

ತೆಂಗಿನತೋಟದ ಸೊಸೆ
ಅಣ್ಣಾ ತುಂಬಾ ಥ್ಯಾಂಕ್ಸ್. ಭಾರ ಎತ್ತೋಕೆ ಏನಾದ್ರೂ ತೊಂದ್ರೆ ಇದ್ಯಾ ಈಗ? ಅತ್ತೆ ಕೇಳೋದು ಅದೊಂದೇ.

ಹುಬ್ಬಳ್ಳಿ ಮಂದಿ
ಹೋದ ವಾರ ಮಾವನ ಮನ್ಯಾಗ ಜ್ವಾಳದ ಚೀಲ ಇಳಿಸಿ ಬಂದೇನಿ. ಐವತ್ತು ಕೇಜಿದ್ದು. ಏನೂ ಆಗಿಲ್ಲ. ಸೊಂಟ ನೋವು ಆತು, ಅದು ವಯಸ್ಸಿಂದು.

ನೇರಮಾತು
ಎಲ್ಲರೂ ಚೆನ್ನಾಗಿ ಬಣ್ಣ ಹಚ್ಚಿ ಹೇಳ್ತಿದೀರ. ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ. ಹೆರೋದು ಹೆಂಗಸು, ನಿಲ್ಲಿಸೋದೂ ಅಲ್ಲೇ ಆದ್ರೆ ಸರಿ. ಗಂಡಸು ಮಾಡಿಸ್ಕೊಂಡ ಅನ್ಕೊಳಿ, ನಾಳೆ ಹೆಂಡತಿಗೆ ಹೆಚ್ಚು ಕಮ್ಮಿ ಆಗಿ ಇನ್ನೊಂದು ಮದುವೆ ಆಗೋ ಪರಿಸ್ಥಿತಿ ಬಂದ್ರೆ? ಬರೋಳಿಗೆ ಮಕ್ಕಳು ಬೇಡ್ವಾ? ಕೆಟ್ಟ ಮಾತಲ್ಲ, ನಮ್ಮ ಹಿರಿಯರು ಹೇಳ್ತಿದ್ದಿದ್ದು.

ಮಲ್ನಾಡ್ ಮಳೆ
ಎದುರಿಗೆ ಐದು ತಿಂಗಳ ಕೂಸು ಹಿಡ್ಕೊಂಡು ಒಬ್ಬ ಹೆಂಗಸು ರಕ್ತ ಇಲ್ಲ ಅಂತಿದಾಳೆ, ನಿಮಗೆ ಅವಳು ಸತ್ತ ಮೇಲೆ ಬರೋಳ ಚಿಂತೆ. ಗಂಡನಿಗೆ ಹೆಚ್ಚು ಕಮ್ಮಿ ಆದ್ರೆ ಇವಳು ಇನ್ನೊಂದು ಮದುವೆ ಆಗೋದನ್ನ ನಿಮ್ಮ ಹಿರಿಯರು ಲೆಕ್ಕಕ್ಕೆ ಹಿಡಿದಿದ್ರಾ?

ನೇರಮಾತು
ಅದು ಬೇರೆ ವಿಷಯ.

ಮಲ್ನಾಡ್ ಮಳೆ
ಹೇಗೆ ಬೇರೆ ಮಾರಾಯ್ರೆ?

ಕರಾವಳಿ ಕೊಗ್ಗ
ಪಾಪ್‌ಕಾರ್ನ್ ತಕ್ಕೊಂಡು ಕೂತೆ ನಾನು.

ಡಾಕ್ಟ್ರು ಬಳ್ಳಾರಿ ಕಡೆ
ಜಗಳ ಆಮೇಲೆ ಆಡಿ, ಮೊದಲು ಕೇಳಿದ್ದಕ್ಕೆ ಉತ್ತರ.

ಗಂಡಸರ ಆಪರೇಷನ್‌ನಲ್ಲಿ, ಅಂದ್ರೆ ವಾಸೆಕ್ಟಮಿಲಿ, ಬೀಜ ತೆಗೆಯೋದಿಲ್ಲ, ಅದನ್ನ ಮುಟ್ಟೋದೂ ಇಲ್ಲ. ವೀರ್ಯಾಣು ಸಾಗೋ ಎರಡು ನಾಳಗಳನ್ನ ಕಟ್ ಮಾಡಿ ಕಟ್ತೀವಿ ಅಷ್ಟೆ. ಗಂಡಸುತನದ ಹಾರ್ಮೋನ್ ಆ ನಾಳದಲ್ಲಿ ಹೋಗೋದೇ ಇಲ್ಲ, ರಕ್ತದಲ್ಲಿ ಹೋಗತ್ತೆ. ಹಾಗಾಗಿ ಶಕ್ತಿ, ಆಸೆ, ಮೀಸೆ ಎಲ್ಲ ಇದ್ದಲ್ಲೇ ಇರತ್ತೆ. ಹೊರಗೆ ಬರೋದ್ರಲ್ಲಿ ವೀರ್ಯಾಣುವಿನ ಪಾಲು ಬಹಳ ಕಮ್ಮಿ, ಅದಿಲ್ಲದಿದ್ರೆ ಕಣ್ಣಿಗೆ ಗೊತ್ತಾಗೋದೂ ಇಲ್ಲ. ಹೊಲಿಗೆ ಇಲ್ಲದ ಈ ವಿಧಾನ 1974ರಲ್ಲಿ ಚೀನಾದಲ್ಲಿ ಶುರುವಾಗಿದ್ದು. ಜಾಗ ಮಾತ್ರ ಮರಗಟ್ಟಿಸಿ, ಸಣ್ಣ ತೂತು ಮಾಡಿ ಮುಗಿಸ್ತೀವಿ, ಅದೇ ದಿನ ಮನೆಗೆ. ಎರಡು ದಿನ ರೆಸ್ಟ್, ಒಂದು ವಾರ ಮೂಟೆ ಬೇಡ.

ಹೆಂಗಸರದ್ದು ಹೊಟ್ಟೆ ಒಳಗೆ ಹೋಗಿ ಮಾಡೋ ಆಪರೇಷನ್. ಸಾಮಾನ್ಯವಾಗಿ ಸೇಫ್, ನಾನೇ ಎಷ್ಟೋ ಮಾಡಿದೀನಿ, ಹೆದರಿಸ್ತಿಲ್ಲ. ಆದ್ರೆ ಎರಡನ್ನೂ ತಕ್ಕಡೀಲಿ ಇಟ್ರೆ ಗಂಡಸರದ್ದೇ ಹಗುರ. ಹಿಮೋಗ್ಲೋಬಿನ್ 7ಕ್ಕಿಂತ ಕಮ್ಮಿ ಇದ್ರೆ ಹೆಂಗಸರಿಗೆ ನಾವು ಮಾಡೋದೇ ಇಲ್ಲ. ನಿಮ್ಮದು 8.2, ಅಂದ್ರೆ ಆ ಗಡಿಗೆ ಹತ್ರಾನೇ, ಆಪರೇಷನ್‌ಗೆ ಅರ್ಜೆಂಟ್ ಮಾಡ್ಬೇಡಿ, ಮೊದಲು ಕಬ್ಬಿಣದ ಮಾತ್ರೆ ಬಿಡದೆ ತಗೊಳಿ, ಊಟ ಆದ ತಕ್ಷಣ ಟೀ ಕಾಫಿ ಕುಡಿಯೋದು ಬಿಡಿ.

ಮುಖ್ಯ ವಿಷ್ಯ ಒಂದಿದೆ, ಇದನ್ನ ಮರೆತೇ ಜನ ಎಡವೋದು. ಆಪರೇಷನ್ ಆದ ದಿನವೇ ಕೆಲಸ ಮುಗಿಯಲ್ಲ. ನಾಳದಲ್ಲಿ ಮೊದಲೇ ಇದ್ದ ವೀರ್ಯಾಣು ಖಾಲಿ ಆಗೋಕೆ ಮೂರು ತಿಂಗಳು ಬೇಕು. ಅಲ್ಲಿವರೆಗೆ ನಿರೋಧ್ ಕಡ್ಡಾಯ, ಆಮೇಲೆ ವೀರ್ಯ ಟೆಸ್ಟ್ ಮಾಡಿಸಿ ಸೊನ್ನೆ ಅಂತ ಖಾತ್ರಿ ಆಗ್ಬೇಕು.

ಆಶಾ ಅಕ್ಕ ಚಿತ್ರದುರ್ಗ
ಸರ್ ಹೇಳಿದ ಕೊನೇ ಮಾತು ಎಲ್ಲರೂ ಎರಡು ಸಲ ಓದಿ, ಯಾಕೆ ಅಂತ ನಾನು ಹೇಳ್ತೀನಿ.

ಹದಿನಾಲ್ಕು ವರ್ಷದಿಂದ ಆಶಾ ಕೆಲಸ ಮಾಡ್ತಿದೀನಿ. ಹೆಂಗಸರ ಆಪರೇಷನ್‌ಗೆ ಎಷ್ಟು ಜನನ ಕರ್ಕೊಂಡು ಹೋಗಿದೀನೋ ಲೆಕ್ಕ ಇಟ್ಟಿಲ್ಲ, ಗಂಡಸ್ರು ಇಬ್ಬರು. ಎರಡೇ ಎರಡು. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಗಂಡಸರ ಆಪರೇಷನ್ ಪಾಕ್ಷಿಕ ಅಂತ ಮಾಡ್ತೀವಿ, ಬ್ಯಾನರ್ ಕಟ್ತೀವಿ, ಮನೆ ಮನೆಗೆ ಹೋಗ್ತೀವಿ. ನಾವು ಬರೋದು ಕಂಡ್ರೆ ಗಂಡಸ್ರು ಹಿತ್ತಲ ಬಾಗಿಲಿಂದ ಹೊರಗೆ. ಬೀಡಿ ಅಂಗಡಿ ಹತ್ರ ಸಿಕ್ಕಿದ್ರೆ ನಗಾಡ್ತಾರೆ. ಸರಿ, ಅವರನ್ನ ಬಿಡಿ.

ನಂಗೆ ಆಶ್ಚರ್ಯ ಆಗಿದ್ದು ಹೆಂಗಸ್ರೇ ಬೇಡ ಅಂದಾಗ. ಒಬ್ಬಳ ಗಂಡ ಒಪ್ಪಿದ್ದ, ಬಂಗಾರದಂಥ ಮನುಷ್ಯ. ಇವಳು ನನ್ನ ಪಕ್ಕಕ್ಕೆ ಕರ್ದು ಕಿವಿಲಿ ಹೇಳಿದ್ಲು, "ಬೇಡಕ್ಕಾ, ನಂಗೇ ಮಾಡ್ಸು. ಅವರಿಗೆ ಮಾಡ್ಸಿ, ಆಮೇಲೆ ಎಲ್ಲಾದ್ರೂ ನಾನು ಬಸುರಿ ಆಗ್ಬಿಟ್ರೆ ಊರು ನನ್ನ ಬಿಡತ್ತಾ?" ಅಂತ. ನಾನು ಬಾಯಿ ಮುಚ್ಕೊಂಡೆ. ಅವಳು ಹೇಳಿದ್ದು ಸುಳ್ಳಲ್ಲ. ಹೆಂಗಸಿನ ಆಪರೇಷನ್ ಫೇಲ್ ಆದ್ರೆ ಡಾಕ್ಟ್ರನ್ನ ಬೈತಾರೆ, ಗಂಡಸಿಂದು ಫೇಲ್ ಆದ್ರೆ ಹೆಂಡ್ತಿನ ಬೈತಾರೆ.

ಅದಕ್ಕೇ ತಂಗಿ, ಮೂರು ತಿಂಗಳಾದ್ಮೇಲೆ ಆ ಟೆಸ್ಟ್ ರಿಪೋರ್ಟ್ ತಗೊಂಡು ನಿನ್ನ ಒಡವೆ ಡಬ್ಬೀಲಿ ಇಟ್ಕೋ.

ಮಲ್ನಾಡ್ ಮಳೆ
ಇದನ್ನ ಓದಿ ಐದು ನಿಮಿಷ ಸುಮ್ನೆ ಕೂತೆ. ಈ ಕಡೆಯಿಂದ ಯೋಚ್ನೆನೇ ಮಾಡಿರ್ಲಿಲ್ಲ.

ಅಂಕಿಅಂಶ ಅಣ್ಣಪ್ಪ
ಅಕ್ಕ ಹೇಳಿದ ಎರಡೇ ಎರಡು ಅನ್ನೋದು ಇಡೀ ರಾಜ್ಯದ ಕತೆನೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಶೇ. 57ರಷ್ಟು ಜನ ಆಪರೇಷನ್ ಆದೋರು. ಗಂಡಸರ ಆಪರೇಷನ್ ಇಡೀ ದೇಶಕ್ಕೇ ಶೇ. 0.3, ನಮ್ಮಲ್ಲಿ ಆ ಕಾಲಂನಲ್ಲಿ ಸೊನ್ನೆ ಅಂತಾನೇ ಪ್ರಿಂಟ್ ಆಗಿದೆ. ಅದೇ ಸಮೀಕ್ಷೇಲಿ ದೇಶದ ಶೇ. 35ರಷ್ಟು ಗಂಡಸರು ಗರ್ಭ ತಡೆಯೋದು ಹೆಂಗಸರ ಕೆಲಸ, ನಮಗೆ ಸಂಬಂಧ ಇಲ್ಲ ಅನ್ನೋ ಮಾತಿಗೆ ಹೂಂ ಅಂದಿದಾರೆ.

ಹುಬ್ಬಳ್ಳಿ ಮಂದಿ
ಹಂಗಾದ್ರ ನಾನು ಸೊನ್ನಿಯೊಳಗಿನವ.

ಹಳೇ ಮೇಷ್ಟ್ರು
ಎಪ್ಪತ್ತು ದಾಟಿದ ಮುದುಕನ ಮಾತೂ ಒಂದಿರಲಿ. ಗಂಡಸರು ಹೆದರಿ ಓಡುವುದಕ್ಕೆ ಒಂದು ಚರಿತ್ರೆ ಇದೆ. ಅರವತ್ತರ ದಶಕದಲ್ಲಿ ಈ ದೇಶದಲ್ಲಿ ಗಂಡಸರ ಆಪರೇಷನ್ನೇ ಹೆಚ್ಚು ನಡೆಯುತ್ತಿತ್ತು, ನಿಮ್ಮಲ್ಲಿ ಹಲವರಿಗೆ ಇದು ಗೊತ್ತಿರಲಾರದು. ಕೆಡಿಸಿದ್ದು ತುರ್ತು ಪರಿಸ್ಥಿತಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕಿ ಆಪರೇಷನ್ ಆದವು, ಅದರಲ್ಲಿ 60 ಲಕ್ಷಕ್ಕಿಂತ ಹೆಚ್ಚು ಗಂಡಸರದ್ದು. ಉತ್ತರದ ಕಡೆ ಹಿಡಿದು ಎಳೆದುಕೊಂಡು ಹೋದರು. ನಮ್ಮಲ್ಲಿ ಅಷ್ಟು ಘೋರವಿರಲಿಲ್ಲ ನಿಜ, ಆದರೆ ನಾನು ಆಗ ತಾನೇ ಕೆಲಸಕ್ಕೆ ಸೇರಿದ್ದೆ, ನಮ್ಮ ಶಾಲೆಯ ಮೇಷ್ಟ್ರುಗಳಿಗೂ ಇಷ್ಟು ಕೇಸು ತರಬೇಕು ಎಂದು ಬಾಯಿಮಾತಿನ ಆಜ್ಞೆ ಬಂದಿತ್ತು. ಸಂತೆಯಲ್ಲಿ ನಮ್ಮನ್ನು ಕಂಡರೆ ಜನ ದೂರ ಹೋಗುತ್ತಿದ್ದರು. ಪಾಠ ಹೇಳಿಕೊಟ್ಟ ಹುಡುಗರ ಅಪ್ಪಂದಿರು!

ಸರ್ಕಾರ ಬಿತ್ತು. ಆಮೇಲೆ ಬಂದವರಾರೂ ಗಂಡಸರ ತಂಟೆಗೆ ಹೋಗಲಿಲ್ಲ. ಗುರಿಯೆಲ್ಲ ತಿರುಗಿ ಹೆಂಗಸರ ಮೇಲೆ ಬಿತ್ತು, ಏಕೆಂದರೆ ಅವರು ಹಿತ್ತಲ ಬಾಗಿಲಿಂದ ಓಡುವುದಿಲ್ಲ.

ಅಂಕಿಅಂಶ ಅಣ್ಣಪ್ಪ
ಮೇಷ್ಟ್ರೇ ಸರಿಯಾಗಿ ಹೇಳಿದ್ರಿ. ಅದರ ಕೊನೆ 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದಲ್ಲಿ ನೋಡಿದ್ವಲ್ಲ. ಒಂದೇ ಕ್ಯಾಂಪ್‌ನಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್, ಹತ್ತಕ್ಕೂ ಹೆಚ್ಚು ಜನ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಈ ಕ್ಯಾಂಪ್ ಪದ್ಧತಿನೇ ನಿಲ್ಲಿಸಿ ಅಂತ ಹೇಳ್ತು.

ಮೈಸೂರು ಪಾಕ
ಆಫ್ ಟಾಪಿಕ್ ಆದ್ರೂ ಹೇಳ್ತೀನಿ. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೇಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆಗೆಯೋಕೆ ಆರ್ಡರ್ ಮಾಡಿತ್ತು. ಪ್ರಪಂಚದಲ್ಲೇ ಸರ್ಕಾರ ನಡೆಸಿದ ಮೊದಲನೇದು ಅಂತಾರೆ. ನೂರು ವರ್ಷ ಆಗ್ತಾ ಬಂತು, ನಾವು ಇನ್ನೂ ಅತ್ತೆ ಸೌಟು ಕೆಳಗಿಟ್ರು ಅನ್ನೋದ್ರಲ್ಲೇ ಇದೀವಿ.

ಲೀಡ್ಸ್ ಗೌಡ್ತಿ
ನಾವಿರೋದು ಇಂಗ್ಲೆಂಡಲ್ಲಿ. ಇಲ್ಲಿ ಗಂಡಸ್ರು ಮಾಡಿಸ್ಕೊಳೋದು ಹಲ್ಲು ಕೀಳಿಸ್ಕೊಂಡಷ್ಟೇ ಮಾಮೂಲು. ನಮ್ಮವರ ಆಫೀಸಲ್ಲಿ ಒಬ್ಬ ಟೀ ಬ್ರೇಕಲ್ಲಿ ಎಲ್ಲರ ಮುಂದೆ ಹೇಳ್ಕೊಂಡ್ನಂತೆ. ಇವರೂ ಹೋಗಿ ಮಾಡಿಸ್ಕೊಂಡು ಬಂದ್ರು. ಆದ್ರೆ ಮಂಡ್ಯಕ್ಕೆ ಫೋನ್ ಮಾಡಿದಾಗ ನಮ್ಮತ್ತೆಗೆ ಏನು ಹೇಳಿದ್ವಿ ಗೊತ್ತಾ, ನನಗೇ ಆಗಿದೆ ಅಂತ. ಅವರು ಪಾಪ ಒಂದು ತಿಂಗಳು ದಿನಾ ಫೋನ್ ಮಾಡಿ "ಭಾರ ಎತ್ಬೇಡ ಕಣಮ್ಮಾ" ಅಂತಿದ್ರು. ಸೋಫಾದಲ್ಲಿ ಐಸ್ ಪ್ಯಾಕ್ ಇಟ್ಕೊಂಡು ಮಲಗಿದ್ದ ಅವರ ಮಗ ಮೇಲಿಂದ ನಗ್ತಿದ್ದ.

ಕರಾವಳಿ ಕೊಗ್ಗ
ಹಹಹ ಐಸ್ ಪ್ಯಾಕ್!!

ನೇರಮಾತು
ವಿದೇಶದ ಲೆಕ್ಕ ಇಲ್ಲಿಗೆ ಬರಲ್ಲ. ಮತ್ತೆ ಒಂದು ಹೇಳ್ತೀನಿ, ಆಪರೇಷನ್ ಒಂದೇ ದಾರಿನಾ? ಕಾಪರ್ ಟಿ ಇಲ್ವಾ?

ಡಾಕ್ಟ್ರು ಬಳ್ಳಾರಿ ಕಡೆ
ಈ ಪ್ರಶ್ನೆ ಸರಿಯಾಗಿದೆ, ಕೇಳಿದ್ದಕ್ಕೆ ಥ್ಯಾಂಕ್ಸ್. ಕಾಪರ್ ಟಿ ಒಳ್ಳೇದೇ, 380ಎ ಹಾಕಿದ್ರೆ ಹತ್ತು ವರ್ಷ ಇರತ್ತೆ. ಆದ್ರೆ ಕೆಲವರಿಗೆ ಶುರುವಿನ ತಿಂಗಳುಗಳಲ್ಲಿ ಮುಟ್ಟು ಜಾಸ್ತಿ ಹೋಗತ್ತೆ, ರಕ್ತ ಕಮ್ಮಿ ಇರೋ ಇವರಿಗೆ ಅದು ನನ್ನ ಮೊದಲ ಆಯ್ಕೆ ಅಲ್ಲ. ಮೂರು ತಿಂಗಳಿಗೊಂದು ಹಾಕಿಸ್ಕೊಳೋ 'ಅಂತರ' ಅನ್ನೋ ಇಂಜೆಕ್ಷನ್ ಇದೆ. ಛಾಯಾ ಮಾತ್ರೆ ಇದೆ, ಹಾರ್ಮೋನ್ ಇಲ್ಲದ್ದು, ಎದೆಹಾಲು ಕೊಡೋರೂ ತಗೋಬಹುದು, ಮೊದಲ ಮೂರು ತಿಂಗಳು ವಾರಕ್ಕೆ ಎರಡು ಆಮೇಲೆ ವಾರಕ್ಕೆ ಒಂದು. ಅದರಲ್ಲಿ ಮುಟ್ಟು ಕಮ್ಮಿ ಆಗೋದ್ರಿಂದ ಇಂಥವರಿಗೆ ಅನುಕೂಲವೇ. ಸರ್ಕಾರಿ ಆಸ್ಪತ್ರೇಲಿ ಎಲ್ಲ ಫ್ರೀ. ಯಜಮಾನ್ರು ಮನಸ್ಸು ಗಟ್ಟಿ ಮಾಡ್ಕೊಳೋ ತನಕ ಇದರಲ್ಲಿ ಒಂದನ್ನ ಹಿಡ್ಕೊಳಿ, ಯಾವುದು ಅಂತ ನಿಮ್ಮ ಡಾಕ್ಟ್ರ ಹತ್ರ ಕೂತು ಮಾತಾಡಿ.

ಇನ್ನೊಂದು. ಯಾರ ಆಪರೇಷನ್‌ಗೂ ಗಂಡ ಅಥವಾ ಹೆಂಡತಿಯ ಸಹಿ ಬೇಕು ಅಂತ ನಿಯಮ ಇಲ್ಲ. ಮಾಡಿಸ್ಕೊಳೋರ ಒಪ್ಪಿಗೆ ಒಂದೇ ಸಾಕು.

ಶಾಂತಿನಗರದ ಅಕ್ಕ
ನಿಯಮ ಇಲ್ವಾ? ನನ್ನ ಹತ್ರ ಗಂಡನ ಸಹಿ, ಅತ್ತೆ ಹೆಬ್ಬೆಟ್ಟು ಎರಡೂ ತಗೊಂಡಿದ್ರು ಆಸ್ಪತ್ರೇಲಿ. ಇನ್ನು ನಾಯಿದೊಂದು ಬಾಕಿ ಇತ್ತು.

ಪಿಯು ಲೆಕ್ಚರರ್
ನಾನು ಬಯಾಲಜಿ ಹೇಳ್ಕೊಡೋದು, ಊರು ಬೇಡ. ಮೊದಲ ವರ್ಷ ನಾನು ಪ್ರಜನನದ ಪಾಠ ತೆಗೆದಾಗ ಹಿರಿಯ ಸಹೋದ್ಯೋಗಿಯೊಬ್ರು "ಅದನ್ನ ಮನೇಲಿ ಓದ್ಕೊಳಿ ಅಂದ್ಬಿಡಿ ಮೇಡಂ" ಅಂತ ಸಲಹೆ ಕೊಟ್ರು. ನಾನು ಹುಡುಗ ಹುಡುಗಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾಡಿದೆ. ನಗು, ಕೆಮ್ಮು, ಡೆಸ್ಕ್ ಕೆಳಗೆ ತಲೆ, ಎಲ್ಲ ಆಯ್ತು. ಮಾರನೇ ದಿನ ಚೀಟಿ ಬರೆದು ಡಬ್ಬಕ್ಕೆ ಹಾಕಿ, ಹೆಸರು ಬೇಡ ಅಂದೆ. ಹುಡುಗರ ಚೀಟಿಗಳಲ್ಲಿ ಅರ್ಧಕ್ಕರ್ಧ ಶಕ್ತಿ ಹೋಗತ್ತಾ ಅನ್ನೋದೇ ಪ್ರಶ್ನೆ. ಅಂದ್ರೆ ಹದಿನೇಳಕ್ಕೇ ಈ ಭಯ ಕೂತಿರತ್ತೆ, ಮೂವತ್ತಕ್ಕೆ ಹೆಂಡತಿ ಬಂದು ವಾಸೆಕ್ಟಮಿ ಅಂದ್ರೆ ಬೆವರದೇ ಇರ್ತಾನಾ? ಹುಡುಗಿಯರ ಚೀಟೀಲಿ ಒಂದು ಇನ್ನೂ ನೆನಪಿದೆ: "ಮೇಡಂ, ಮುಟ್ಟಿನ ಬಟ್ಟೆ ಒಣಗಿಸೋಕೆ ನಮ್ಮನೇಲಿ ಬಿಸಿಲಿರೋ ಜಾಗ ಇಲ್ಲ, ಏನು ಮಾಡ್ಲಿ." ನಾನು ಓದಿ ಹೇಳೋಕಾಗದೆ ಕಿಟಕಿ ಕಡೆ ತಿರುಗಿದೆ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇದೆ. ನನ್ನ ಕ್ಲಾಸಲ್ಲಿ ಅರವತ್ತು ಮಕ್ಕಳಲ್ಲಿ ಹೆಸರು ಕೇಳಿದೋರು ಒಬ್ಬಳು.

ಆಶಾ ಅಕ್ಕ ಚಿತ್ರದುರ್ಗ
ಮೇಡಂ, ನಿಮ್ಮ ಕ್ಲಾಸಿಗೆ ಬರೋ ಹುಡುಗೀರೇ ಪುಣ್ಯವಂತರು. ಎಸ್ಸೆಸ್ಸೆಲ್ಸಿ ಆದ್ಮೇಲೆ ಮದುವೆ ಆಗೋರ ಕತೆ ಕೇಳಿ. ಹದಿನೇಳಕ್ಕೆ ಮದುವೆ, ಇಪ್ಪತ್ತಕ್ಕೆ ಎರಡು ಮಕ್ಕಳು, ಇಪ್ಪತ್ತೆರಡು ತುಂಬ್ತಿದ್ದಂಗೆ ಆಪರೇಷನ್. ನಡುವೆ ಅಂತರ ಅನ್ನೋದೇ ಇಲ್ಲ. ನಾನೂ ಇಪ್ಪತ್ಮೂರಕ್ಕೆ ಮಾಡಿಸ್ಕೊಂಡೋಳೇ. ಆವಾಗ ಕೇಳೋರಿರ್ಲಿಲ್ಲ, ಕೇಳ್ಬೇಕು ಅಂತ ನಂಗೂ ಗೊತ್ತಿರ್ಲಿಲ್ಲ.

ಅಂಕಿಅಂಶ ಅಣ್ಣಪ್ಪ
ಅದೇ ಸಮೀಕ್ಷೆ: ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇ. 21.3 ಜನಕ್ಕೆ 18 ತುಂಬೋಕೆ ಮುಂಚೆ ಮದುವೆ ಆಗಿತ್ತು. ಬಾಲ್ಯವಿವಾಹ ಆಗಿದ್ರೆ ಅದು ಮೊದಲಿಂದಲೇ ಅಸಿಂಧು ಅಂತ ನಮ್ಮ ರಾಜ್ಯ ತಿದ್ದುಪಡಿ ಬೇರೆ ಮಾಡಿದೆ. ಕಾನೂನು ಕಾನೂನಿನ ಪಾಡಿಗೆ, ಛತ್ರ ಛತ್ರದ ಪಾಡಿಗೆ.

ರಾಗಿಮುದ್ದೆ ರಾಜ
ಬಾಲ್ಯವಿವಾಹ ಅಂತ ಗೊತ್ತಾದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹೆಸರು ಹೇಳೋ ಅಗತ್ಯ ಇಲ್ಲ. ನಮ್ಮೂರಲ್ಲಿ ಒಂದು ಮದುವೆ ನಿಂತಿದೆ ಹಾಗೆ.

ಟೆಕ್ಕಿ ತಿಮ್ಮ
ಮುಟ್ಟಿನ ವಿಷ್ಯ ಬಂತಲ್ಲ, ಸರ್ಕಾರ ತಿಂಗಳಿಗೊಂದು ರಜೆ ಅಂತ ಪಾಲಿಸಿ ಮಾಡಿದ್ಯಲ್ಲ 2025ರಲ್ಲಿ, ವರ್ಷಕ್ಕೆ 12. ನಿಮ್ಮ ಕಂಪನೀಲಿ ಕೊಡ್ತಿದಾರಾ?

ಶಾಂತಿನಗರದ ಅಕ್ಕ
ಅದಕ್ಕೆ ಬೇರೆ ಥ್ರೆಡ್ ಮಾಡಪ್ಪ. ನಾನು ಗಾರ್ಮೆಂಟ್ಸಲ್ಲಿದ್ದೋಳು, ಟಾಯ್ಲೆಟ್‌ಗೆ ಹೋಗೋಕೇ ಟೋಕನ್ ತಗೋಬೇಕಿತ್ತು, ಶುರು ಮಾಡಿದ್ರೆ ರಾತ್ರಿ ಬೆಳಗಾಗತ್ತೆ.

ನೇರಮಾತು
ಮೇಷ್ಟ್ರು, ಆಶಾ ಅಕ್ಕ ಹೇಳಿದ್ದು ಓದಿದೆ. ನಂಗೆ ಈ ವಿಷ್ಯ ಪೂರ್ತಿ ಗೊತ್ತಿರ್ಲಿಲ್ಲ ಅಂತ ಒಪ್ಕೋತೀನಿ. ಆದ್ರೂ ನಾನಂತೂ ಮಾಡಿಸ್ಕೊಳಲ್ಲ.

ಮಲ್ನಾಡ್ ಮಳೆ
ನಿಮ್ಮನ್ನ ಯಾರೂ ಎಳ್ಕೊಂಡು ಹೋಗ್ತಿಲ್ಲ. ಆ ಅನುಕೂಲ ಹೆಂಗಸ್ರಿಗೂ ಇರ್ಲಿ ಅಂತಷ್ಟೇ.

ಹುಬ್ಬಳ್ಳಿ ಮಂದಿ
ರೊಕ್ಕದ ವಿಷಯ ಯಾರೂ ಹೇಳಲೇ ಇಲ್ಲಲ್ರಿ. ನನಗ ಅಕೌಂಟಿಗೆ 1,100 ರೂಪಾಯಿ ಬಂದಿತ್ತು. ಹೆಂಗಸರಿಗೆ ಬಿಪಿಎಲ್ ಇದ್ರ 600. ಆ ರೊಕ್ಕದಾಗ ನನ್ನ ಹೆಂಡ್ತಿಗೆ ಇಳಕಲ್ ಸೀರಿ ತಂದೆ, ಮ್ಯಾಲ ನನ್ನ ಕಿಸೆದಿಂದ ಹಾಕಿ.

ತೆಂಗಿನತೋಟದ ಸೊಸೆ
ಒಂದೂವರೆ ತಿಂಗಳಾದ್ಮೇಲೆ ಬಂದೆ, ಬೈಬೇಡಿ.

ಹುಬ್ಬಳ್ಳಿ ಅಣ್ಣ ಬರೆದಿದ್ದನ್ನ ಇವರಿಗೆ ಮೂರು ಸಲ ಓದಿ ಹೇಳಿದೆ, ಜ್ವಾಳದ ಚೀಲದ್ದು ಮಾತ್ರ ನಾಲ್ಕು ಸಲ. ಒಂದಿನ ಬೆಳಿಗ್ಗೆ ಹಾಲು ಹಾಕಿ ಬಂದೋರು, "ನಡಿ, ಇವತ್ತು ಹೋಗಿ ಕೇಳ್ಕೊಂಡು ಬರೋಣ" ಅಂದ್ರು. ಮೊದಲನೇ ಆಸ್ಪತ್ರೇಲಿ ಕೌಂಟರ್‌ನಲ್ಲಿದ್ದೋರು ಚೀಟಿ ಬರೆಯೋಕೆ ಪೆನ್ ಎತ್ಕೊಂಡು ನನ್ನ ಹೆಸರು ಕೇಳಿದ್ರು. ಆಪರೇಷನ್ ಇವರಿಗೆ ಅಂದೆ. ಅವರು ಪೆನ್ ಕೆಳಗಿಟ್ಟು ಇವರ ಮುಖ ನೋಡಿ, "ಯಾಕ್ ಸರ್, ಮೇಡಂಗೆ ಏನು ಪ್ರಾಬ್ಲಂ?" ಅಂದ್ರು. ಅಲ್ಲಿ ಗಂಡಸ್ರ ಆಪರೇಷನ್ ಮಾಡೋ ಡಾಕ್ಟ್ರೂ ಇರ್ಲಿಲ್ಲ. ಇವರು ವಾಪಸ್ ಬಂದ್ಬಿಡ್ತಾರೆ ಅನ್ಕೊಂಡೆ, ಬರ್ಲಿಲ್ಲ, ಜಿಲ್ಲಾ ಆಸ್ಪತ್ರೆಗೆ ಹೋದ್ವಿ, ವಾರ ಬಿಟ್ಟು ಡೇಟ್ ಕೊಟ್ರು, ಆಯ್ತು. ಹೊರಗೆ ಬಂದು ಮೊದಲನೇ ಮಾತು "ಅಷ್ಟೇನಾ" ಅಂತ.

ಅತ್ತೆಗೆ ಹರ್ನಿಯಾ ಅಂತ ಹೇಳಿದೀವಿ. ಇವರೇ ಹೇಳಿದ್ದು, ನಾನಲ್ಲ. ನಾಲ್ಕು ದಿನ ಮಗನಿಗೆ ಬೆಳ್ಳುಳ್ಳಿ ಸಾರು, ಮೆಣಸಿನ ಸಾರು, ತುಪ್ಪ ಹಾಕಿದ ಅನ್ನ, ನನ್ನ ಬಾಣಂತನದಲ್ಲೂ ಅಷ್ಟು ಆಗಿರ್ಲಿಲ್ಲ. ನಾನು ಛಾಯಾ ಕೇಳಿದ್ದೆ, ಡಾಕ್ಟ್ರು ನೋಡಿ ಕೊಟ್ಟಿದ್ರು, ಈಗ ಹಿಮೋಗ್ಲೋಬಿನ್ 9.6.

ಮಲ್ನಾಡ್ ಮಳೆ
ಖುಷಿ ಆಯ್ತು!! ಆದ್ರೆ ಹರ್ನಿಯಾ ಯಾಕೆ? ಧೈರ್ಯವಾಗಿ ಹೇಳ್ಬೇಕಿತ್ತು. ನಾಳೆ ನಿಮ್ಮ ಮೈದುನನ ಹೆಂಡ್ತಿಗೂ ಇದೇ ಪಾಡು ಬರತ್ತಲ್ಲ.

ಲೀಡ್ಸ್ ಗೌಡ್ತಿ
ಐದು ಸಾವಿರ ಮೈಲಿ ದೂರ ಇದ್ದೂ ನಾವೇ ಸುಳ್ಳು ಹೇಳಿದೀವಿ, ಅವರಿಗೆ ಬೈಬೇಡಿ.

ಆಶಾ ಅಕ್ಕ ಚಿತ್ರದುರ್ಗ
ಹರ್ನಿಯಾ ಬೇಡಾಗಿತ್ತು ತಂಗಿ. ಮೊನ್ನೆ ಹೇಳಿದ್ನಲ್ಲ, ಬೈದ್ರೆ ಹೆಂಡ್ತಿನ ಬೈತಾರೆ ಅಂತ. ಅತ್ತೆ ನಿನ್ನ ಆಪರೇಷನ್ ವಿಷ್ಯ ಮತ್ತೆ ಎತ್ತಿದ್ರೆ ಏನು ಹೇಳ್ತೀಯಾ?

ತೆಂಗಿನತೋಟದ ಸೊಸೆ
ಎತ್ತಿದ್ರು ಅಕ್ಕಾ ನಿನ್ನೆ. ಇವರು ಊಟ ಮಾಡ್ತಿದ್ದೋರು ತಲೆ ಎತ್ತಿ "ಅವಳ ಸುದ್ದಿಗೆ ಹೋಗ್ಬೇಡ, ಅದನ್ನ ನಾನು ನೋಡ್ಕೊಂಡಿದೀನಿ" ಅಂದ್ರು. ಮಾವ ಒಂದ್ಸಲ ಇವರನ್ನ ನೋಡಿದ್ರು, ಒಂದ್ಸಲ ನನ್ನ ನೋಡಿದ್ರು, ಈ ಸಲ ಎದ್ದು ಹೊರಗೆ ಹೋಗ್ಲಿಲ್ಲ. ಇನ್ನೊಂದು ಮುದ್ದೆ ಹಾಕು ಅಂದ್ರು.

ಡಾಕ್ಟ್ರು ಬಳ್ಳಾರಿ ಕಡೆ
ಒಳ್ಳೇದಾಯ್ತು. ಆಪರೇಷನ್ ಆಗಿ ಎಷ್ಟು ದಿನ ಆಯ್ತು? ಟೆಸ್ಟ್ ಡೇಟ್ ಬರ್ಕೊಂಡಿದೀರಾ?

ತೆಂಗಿನತೋಟದ ಸೊಸೆ
ಇಪ್ಪತ್ತಾರು ದಿನ ಸರ್. ಕ್ಯಾಲೆಂಡರಲ್ಲಿ ಗುರುತು ಹಾಕಿದೀನಿ. ಅತ್ತೆ ಅದು ಏನು ಅಂತ ಕೇಳಿದ್ರು, ಹಸುಗೆ ಇಂಜೆಕ್ಷನ್ ಅಂದೆ.